ಆಕ್ಷೇಪಣೆ ಇಲ್ಲದ ಪಾಪಯ್ಯ

— ಇಲ್ಲ ಅಂದ್ಮೇಲೆ ಇಲ್ಲ, ಶ್ಯಾಮಣ್ಣ. ನಂಗೆ ಯಾವ ಆಕ್ಷೇಪಣೆನೂ ಇಲ್ಲ.

— ಒಂದೇ ಒಂದು ಹೇಳು ಪಾಪಣ್ಣ. ಚಿಕ್ಕದಾದ್ರೂ ಆಯ್ತದೆ.

— ಚಿಕ್ಕದೂ ಇಲ್ಲ.

— ಹೋದ ವಾರ ತಮಟೆ ಮುತ್ತರಾಯಪ್ಪನ ಹಿಡ್ಕೊಂಡು, 'ನಿನ್ನ ಬಲಗೈ ಜೋರು, ಎಡಗೈ ಸೋಮಾರಿ' ಅಂತ ಜಗಳ ಆಡ್ದೋನು ಯಾರು?

— ಅದು ಹೋದ ವಾರ.

ಹುಣಸೆದಿನ್ನೆಯ ಪಂಚಾಯಿತಿ ಗುಮಾಸ್ತ ಶ್ಯಾಮಣ್ಣ ಪಾಪಯ್ಯನ ಜಗಲಿಯ ಮೇಲೆ ಕೂತು ಹೀಗೆ ಬೇಡತೊಡಗಿ ಬಹಳ ಹೊತ್ತಾಗಿತ್ತು. ಉದ್ದನಪಲ್ಲಿಯ ಆಸುಪಾಸಿನಲ್ಲಿ ಆಕ್ಷೇಪಣೆ ಎಂದರೆ ಪಾಪಯ್ಯ, ಪಾಪಯ್ಯ ಎಂದರೆ ಆಕ್ಷೇಪಣೆ. ಬೀದಿ ದನ ಕೂಡುವ ದೊಡ್ಡಿ ಕಟ್ಟಿದಾಗ ಅದರ ಬಾಗಿಲು ಪೂರ್ವಕ್ಕಿದೆ, ತನ್ನ ಎತ್ತು ಪಶ್ಚಿಮಕ್ಕೆ ನಡೆಯುವ ಎತ್ತು ಎಂದು ತಕರಾರು ತೆಗೆದವನು ಅವನು. ಸ್ವರಾಜ್ಯ ಬಂದ ದಿನ ಬಾವುಟದ ಕಂಬ ವಾಲಿದೆ ಎಂದು ಹೇಳಿ, ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ, ಕೊನೆಯವರೆಗೂ ಕತ್ತನ್ನು ಕಂಬದಷ್ಟೇ ವಾಲಿಸಿಕೊಂಡು ನಿಂತವನು. ಅಂಥವನನ್ನು ಚಾವಡಿಯಿಂದ ಸಾಗಹಾಕುವುದೇ ಶ್ಯಾಮಣ್ಣನ ಅರ್ಧ ಉದ್ಯೋಗವಾಗಿತ್ತು. ಈಗ ಅವನೇ ಮನೆಬಾಗಿಲಿಗೆ ಬಂದು, ಬಾಯಿ ಬಿಡಪ್ಪ ಎಂದು ಕೈಮುಗಿಯುವ ಹಾಗಾಗಿತ್ತು.

ಕಾರಣವಿತ್ತು. ಸ್ವರಾಜ್ಯ ಬಂದು ಎರಡನೆಯ ಸಂಕ್ರಾಂತಿಯೂ ಕಳೆದಿತ್ತು. ಹೊಸೂರಿನ ಕಚೇರಿಗೆ ಹೊಸದಾಗಿ ಬಂದ ಪಂಚಾಯಿತಿ ಅಧಿಕಾರಿಗಳು ಹುಣಸೆದಿನ್ನೆಯ ಬಜೆಟ್ಟನ್ನು ತಿರುಗಿಸಿ ಕಳಿಸಿದ್ದರು. ಊರಿನ ದುಡ್ಡನ್ನು ಊರಿನವರನ್ನು ಕೇಳದೆ ಖರ್ಚು ಮಾಡುವ ಕಾಲ ಹೋಯಿತು, ಜನರ ಅಭಿಪ್ರಾಯ ಒಂದೂ ಇಲ್ಲದ ಬಜೆಟ್ಟಿಗೆ ರುಜು ಹಾಕುವುದಿಲ್ಲ, 'ಎಲ್ಲಾ ಸರಿ' ಎಂಬುದು ಅಭಿಪ್ರಾಯವಲ್ಲ, ಆಕ್ಷೇಪಣೆಯೋ ಸಲಹೆಯೋ ಇರಬೇಕು ಎಂದಿದ್ದರು. ನಾಳೆ ಅದು ಅವರ ಮೇಜಿನ ಮೇಲಿರಬೇಕು. ಇಲ್ಲವಾದರೆ ಬೀದಿ ದೀಪವೂ ಇಲ್ಲ, ಬಾವಿ ರಿಪೇರಿಯೂ ಇಲ್ಲ, ಗುಮಾಸ್ತನ ಸಂಬಳವೂ ಇಲ್ಲ.

— ಊರಾಗೆ ಇಷ್ಟು ಜನ ಅವ್ರೆ, ನಾನೇ ಯಾಕೆ ಬೇಕು? ತಮಟೆ ಹೊಡ್ಸಿದ್ರಲ್ಲ, ಯಾರೂ ಬರ್ಲಿಲ್ವಾ? ಎಂದ ಪಾಪಯ್ಯ.

— ಒಬ್ಬನೂ ಬರ್ಲಿಲ್ಲ. ಆ ಮುತ್ತರಾಯಪ್ಪ ಏನ್ ಸಾರ್ದ ಅಂತ ಗೊತ್ತಲ್ಲ ನಿಂಗೆ?

ಕಚೇರಿಯಿಂದ ಬಂದ ನೋಟೀಸು ತಮಿಳಿನಲ್ಲಿತ್ತು. ಬಜೆಟ್ಟಿಗೆ ಅದರಲ್ಲಿ 'ವರವು ಸೆಲವು ತಿಟ್ಟಂ' ಎಂದಿತ್ತು. ತಿಟ್ಟಂ ಎಂದರೆ ತಮಿಳಿನಲ್ಲಿ ಯೋಜನೆ. ಮುತ್ತರಾಯಪ್ಪ ಅಷ್ಟುದ್ದ ಯಾಕೆಂದು ಮೊಟಕು ಮಾಡಿ, "ಸೋಮವಾರ ಚಾವಡಿನಾಗೆ ಪಂಚಾಯ್ತಿಯೋರು ತಿಟ್ಟಂ ಓದ್ತಾರೆ, ಎಲ್ರೂ ಬಂದು ಕೇಳ್ಕೊಂಡು ಹೋಗ್ಬೇಕು" ಎಂದು ಬೀದಿ ಬೀದಿಯಲ್ಲಿ ಬಾರಿಸಿದ. ಊರಿನಲ್ಲಿ ಅರ್ಧಕ್ಕರ್ಧ ಮನೆಯಲ್ಲಿ ತೆಲುಗು ಮಾತು. ತಿಟ್ಟು ಎಂದರೆ ಬೈಗುಳ ಎಂಬುದು ಮಕ್ಕಳಿಗೂ ಗೊತ್ತು. ಮನೆಯಲ್ಲೇ ಬೇಕಾದಷ್ಟು ಬೈಸಿಕೊಳ್ಳುತ್ತಿದ್ದ ಜನ, ಚಾವಡಿಗೂ ಹೋಗಿ ಬೈಸಿಕೊಳ್ಳುವ ಅಗತ್ಯ ಕಾಣದೆ, ಸೋಮವಾರ ಹೊಲದ ಕಡೆ ಹೊರಟುಹೋದರು.

— ಅದಕ್ಕೇ ನಿನ್ನ ಕೇಳ್ತಿರೋದು. ಇವತ್ತು ಪುಕ್ಕಟೆ ಕೇಳ್ತೀನಿ, ಕೂತು ಬರ್ಕೊಂತೀನಿ, ಎದ್ದು ಹೋಗು ಅನ್ನಲ್ಲ. ಇಂಥಾ ದಿನ ಮತ್ತೆ ಬರಲ್ಲ ನಿಂಗೆ.

ಪಾಪಯ್ಯ ಜಗಲಿಯ ತುದಿಗೆ ಸರಿದ. ಅವನು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ನಾರಾಯಣಮ್ಮನ ದನಿ ಬಂತು.

— ಏನೂಂದ್ರೆ, ಏನೋ ಮಾತು ಕೇಳಿಸ್ತು?

— ಏನಿಲ್ಲ ಕಣೆ. ಎಲ್ಲಾ ಒಳ್ಳೇದು ಅಂತಿದ್ದೆ.

ಶ್ಯಾಮಣ್ಣ ಆಗ ಗಮನಿಸಿದ. ಜಗಲಿ ಸಾರಿಸಿತ್ತು. ಪಾಪಯ್ಯ ಒಗೆದ ಪಂಚೆ ಉಟ್ಟಿದ್ದ, ತಲೆಗೆ ಎಣ್ಣೆ ಹಚ್ಚಿದ್ದ. ಹಬ್ಬವೂ ಅಲ್ಲ, ಅಮಾವಾಸ್ಯೆಯೂ ಅಲ್ಲ.

ನಾರಾಯಣಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

— ಶ್ಯಾಮಣ್ಣ, ನಿನ್ನ ಕೈ ಮುಗೀತೀನಿ, ಇವತ್ತು ಇವರ ಬಾಯಿ ಬಿಡಿಸ್ಬೇಡ. ನಮ್ಮ ಮಗಳು ಮಂಗಮ್ಮನ ಮದುವೆ ಮಾತು ಆಡೋಕೆ ಮೂಕಂಡಪಲ್ಲಿಯಿಂದ ಹುಡುಗನ ಅಪ್ಪ ಬತ್ತಾವ್ರೆ.

— ಒಳ್ಳೇದಾಯ್ತಲ್ಲಕ್ಕ. ಅದಕ್ಕೂ ಇದಕ್ಕೂ ಏನು?

— ಏನಾ? ಹಿಂದೆ ಬಂದೋರು ಊರ ಬಾಗಿಲಲ್ಲಿ 'ಪಾಪಯ್ಯನ ಮನೆ ಎಲ್ಲಿ' ಅಂತ ಕೇಳಿದ್ರಂತೆ. ಯಾರೋ ಪುಣ್ಯಾತ್ಮ, 'ತಕರಾರು ಪಾಪಯ್ಯನ ಮನೆನಾ?' ಅಂದ. ಗಾಡಿ ಅಲ್ಲೇ ತಿರುಗಿಸ್ಕೊಂಡು ಹೋಗ್ಬುಟ್ರು. ಅದಕ್ಕೇ ಮುನೇಶ್ವರನ ಮುಂದೆ ಕರ್ಪೂರ ಹಚ್ಚಿಸಿ ಆಣೆ ಹಾಕಿಸಿವ್ನಿ. ಮಗಳ ಲಗ್ನ ಆಗೋಗಂಟ ಯಾವುದಕ್ಕೂ ಇಲ್ಲ ಅನ್ನಂಗಿಲ್ಲ.

— ಹಂಗಾದ್ರೆ ಊರಿನ ಬಜೆಟ್ಟು?

— ಊರಿನ ಕೆಲ್ಸ ನಾಳೆ ಮಾಡ್ಕೊ. ಇವತ್ತು ನನ್ ಮಗಳ ಕೆಲ್ಸ.

ಅವಳು ಒಳಗೆ ಹೋದಳು. ಶ್ಯಾಮಣ್ಣನಿಗೆ ನಾಳೆ ಎಂಬುದೇ ಇರಲಿಲ್ಲ. ಅವನು ಪಾಪಯ್ಯನ ಹತ್ತಿರ ಸರಿದು, ಚೀಲದಿಂದ ಬಜೆಟ್ಟಿನ ಹಾಳೆ ತೆಗೆದು, ಯಾರಿಗೋ ಕತೆ ಓದಿ ಹೇಳುವವನಂತೆ ಶುರು ಮಾಡಿದ. ಕೇಳಿದರೆ ತಡೆದುಕೊಳ್ಳಲಾರ ಎಂಬುದು ಅವನ ಲೆಕ್ಕಾಚಾರ.

— ದನದ ದೊಡ್ಡಿಗೆ ಹೊಸ ಬೀಗ.

ದೊಡ್ಡಿಯ ಒಂದು ಕಡೆಯ ಗೋಡೆ ಬಿದ್ದು ವರ್ಷವಾಗಿತ್ತು. ದನಗಳು ಅಲ್ಲಿಂದಲೇ ಓಡಾಡುತ್ತಿದ್ದವು. ಪಾಪಯ್ಯ ಕಣ್ಣು ಮುಚ್ಚಿಕೊಂಡ.

— ಬೀಗ ಒಳ್ಳೇದು. ಗಟ್ಟಿ ಬೀಗ ತನ್ನಿ.

— ಪ್ರೆಸಿಡೆಂಟ್ ಮುನಿಶಾಮಪ್ಪನವರ ಕುರ್ಚಿಗೆ ಹೊಸ ಕೈ.

— ಹಾಕ್ಸಿ ಪಾಪ. ಅವರಾದ್ರೂ ಕೈ ಎಲ್ಲಿ ಮಡಗ್ತಾರೆ.

— ಬೀದಿ ದೀಪ. ಒಂದು ಪ್ರೆಸಿಡೆಂಟರ ಮನೆ ಮುಂದೆ. ಒಂದು ಅವರ ಭಾವಮೈದುನನ ಮನೆ ಮುಂದೆ. ಇನ್ನೊಂದು ಪ್ರೆಸಿಡೆಂಟರ ಹುಲ್ಲಿನ ಬಣವೆ ಮುಂದೆ.

ಪಾಪಯ್ಯನ ಹಣೆಯಲ್ಲಿ ಎಣ್ಣೆಯ ಜೊತೆ ಬೆವರೂ ಇಳಿಯಿತು. ಎರಡು ಕೈಯಲ್ಲೂ ಜಗಲಿಯ ಅಂಚನ್ನು ಹಿಡಿದುಕೊಂಡ.

— ಬಣವೆಗೂ ಕತ್ಲೆ ಅಂದ್ರೆ ಭಯ ಇರ್ತದೆ, ಎಂದ.

— ಬಣವೆಗೆ ದೀಪ ಇಡ್ತಾರಾ? ಯಾವ ಊರಿನ ನ್ಯಾಯ ಇದು!

ಇದನ್ನು ಹೇಳಿದವನು ಪಾಪಯ್ಯನಲ್ಲ. ಬಗಲಲ್ಲಿ ಕೊಡೆ, ಪಂಚೆಯ ಮೇಲೆ ಕರಿ ಕೋಟು, ದಪ್ಪ ಮೀಸೆಯ ಒಬ್ಬ ಯಜಮಾನರು ಅಂಗಳದಲ್ಲಿ ನಿಂತಿದ್ದರು. ಹುಡುಗನ ತಂದೆ ತಿಮ್ಮರಾಯಪ್ಪ.

ಪಾಪಯ್ಯ ದಡಬಡಿಸಿ ಎದ್ದು, ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿದ. ತಿಮ್ಮರಾಯಪ್ಪ ಕೂರುವ ಮೊದಲೇ ಗುಮಾಸ್ತನ ಕಡೆ ಕೊಡೆ ಚಾಚಿದರು.

— ಏನಯ್ಯಾ, ಬಣವೆ ಪಕ್ಕದಾಗೆ ಸೀಮೆಎಣ್ಣೆ ದೀಪ ಇಟ್ರೆ ಬೆಂಕಿ ಬೀಳಲ್ವಾ? ಇಲ್ಲಿ ಮನೆಗೇ ಕಂಟ್ರೋಲು ಅಂಗಡಿನಾಗೆ ಎಣ್ಣೆ ಸಿಕ್ತಾ ಇಲ್ಲ. ಇದಕ್ಕೆ ನನ್ನ ಆಕ್ಷೇಪಣೆ ಐತೆ, ಬರ್ಕೊ.

ಶ್ಯಾಮಣ್ಣನಿಗೆ ಹೋದ ಜೀವ ಬಂದಂತಾಯಿತು. ಸೀಸಕಡ್ಡಿ ನಾಲಗೆಗೆ ಮುಟ್ಟಿಸಿಕೊಂಡ.

— ಬರ್ಕೊಂಡೆ ಯಜಮಾನ್ರೆ. ತಮ್ಮ ವಾಸ?

— ಮೂಕಂಡಪಲ್ಲಿ.

ಸೀಸಕಡ್ಡಿ ಕೆಳಗಿಳಿಯಿತು.

— ಹಂಗಾದ್ರೆ ಆಗಲ್ಲ.

— ಏನಾಗಲ್ಲ?

— ತಮ್ಮ ಆಕ್ಷೇಪಣೆ ಈ ಊರಿಗೆ ನಡೆಯಲ್ಲ. ಇಲ್ಲಿನ ನಿವಾಸಿಗಳದೇ ಆಗ್ಬೇಕು.

— ಬೆಂಕಿ ಬಿದ್ರೆ ನಿವಾಸಿ ಯಾರು ಅಂತ ಕೇಳ್ಕೊಂಡು ಸುಡ್ತದಾ?

— ತಾವು ಹೇಳೋದು ಸರಿ. ಆದ್ರೆ ಕಾಲಂ ಇಲ್ಲ.

ತಿಮ್ಮರಾಯಪ್ಪ ಪಾಪಯ್ಯನ ಕಡೆ ತಿರುಗಿದರು.

— ನೀವು ಹೇಳಿ ಹಂಗಾದ್ರೆ. ನೀವು ಈ ಊರೋರು ತಾನೆ?

— ಹೂಂ, ಎಂದ ಪಾಪಯ್ಯ.

— ಬಣವೆಗೆ ದೀಪ ಬೇಕಾ?

ಪಾಪಯ್ಯ ಅಡಿಗೆಮನೆಯ ಬಾಗಿಲನ್ನು ನೋಡಿದ. ಅಲ್ಲಿ ಸೌಟಿನ ತುದಿ ಮಾತ್ರ ಕಾಣುತ್ತಿತ್ತು.

— ಇದ್ರೆ... ಚಂದವಾಗಿರ್ತದೆ.

— ಚಂದವಾ?

— ದೂರದಿಂದ ನೋಡೋಕೆ.

ತಿಮ್ಮರಾಯಪ್ಪ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಶ್ಯಾಮಣ್ಣನಿಗೆ ಈಗ ಇಬ್ಬರ ಮೇಲೂ ಕನಿಕರ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಉಳಿದದ್ದು ಒಂದೇ ಬಾಬ್ತು. ಅದನ್ನೂ ಓದಿದ.

— ಕುಡಿಯೋ ನೀರಿನ ಬಾವಿ. ಸುತ್ತುಗೋಡೆಗೆ ಸುಣ್ಣ ಬಳಿಸಿ, ಅದರ ಮೇಲೆ ಪ್ರೆಸಿಡೆಂಟರ ಹೆಸರು ಬರೆಸೋದು.

ಒಳಗೆ ಏನೋ ಪಾತ್ರೆ ಠಣ್ಣೆಂದಿತು. ಪಾಪಯ್ಯ ಪಂಚೆಯ ಅಂಚನ್ನು ಹಿಂಡಿದ.

— ಸುಣ್ಣ... ತಂಪು. ಹೆಸರು... ದಪ್ಪಕ್ಷರದಾಗೆ ಬರೆಸಿ.

ತಿಮ್ಮರಾಯಪ್ಪ ಎದ್ದು ನಿಂತು ಕೊಡೆಯನ್ನು ಬಗಲಿಗೆ ಸೇರಿಸಿದರು.

— ತಪ್ಪು ತಿಳ್ಕೊಬ್ಯಾಡಿ. ಈ ಊರಾಗೆ ಇನ್ನೊಬ್ರು ಪಾಪಯ್ಯ ಅವ್ರಾ?

— ಇಲ್ವಲ್ಲ. ಯಾಕೆ?

— ನಮ್ಮ ಕಡೆ ಒಬ್ರ ವಿಷಯ ಕೇಳಿದ್ದೆ. ಯಾರಿಗೂ ಹೆದರದೆ, ಪ್ರೆಸಿಡೆಂಟಿರಲಿ ಪೊಲೀಸಿರಲಿ, ಎದ್ದು ನಿಂತು ಕೇಳ್ತಾರೆ ಅಂತ. ಅಂಥೋರ ಮನೆ ಹೆಣ್ಣು ತಂದ್ರೆ ಮನೆಗೆ ಒಂದು ಬಾಯಿ ಬತ್ತದೆ ಅಂತ ಬಂದೆ. ನನ್ನ ಮಗ ಹೂಂ ಬಿಟ್ರೆ ಇನ್ನೊಂದು ಮಾತು ಆಡಲ್ಲ. ಇಲ್ಲಿ ನೋಡಿದ್ರೆ ಅಪ್ಪನೂ ಹಂಗೇ ಅವ್ರೆ. ಎರಡು ಹೂಂ ಸೇರಿ ಸಂಸಾರ ಹೆಂಗೆ ನಡೀತದೆ? ನಾನು ಬತ್ತೀನಿ.

ಪಾಪಯ್ಯ ಏನೋ ಹೇಳಲು ಹೋದ. ಆಣೆ ಅಡ್ಡ ಬಂತು. ಬಾಯಿಯಿಂದ ಹೊರಟದ್ದು ಇಷ್ಟೇ:

— ಹೂಂ.

ಆಗ ನಾರಾಯಣಮ್ಮ ಹೊರಗೆ ಬಂದಳು. ಹುಡುಗನ ತಂದೆಯ ಎದುರು ಬರಬಾರದು, ಬಂದರೂ ತಲೆ ತುಂಬ ಸೆರಗಿರಬೇಕು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಅವಳು ತಿಮ್ಮರಾಯಪ್ಪನನ್ನು ನೋಡಲೇ ಇಲ್ಲ. ನೆಟ್ಟಗೆ ಗುಮಾಸ್ತನ ಮುಂದೆ ನಿಂತಳು.

— ಸುಣ್ಣವಾ? ಬಾವಿಗೆ ಸುಣ್ಣ ಬಳಿದ್ರೆ ಬಿಂದಿಗೆ ತಾನಾಗೆ ಮೇಲೆ ಬತ್ತದಾ?

— ಅಕ್ಕ, ಸ್ವಲ್ಪ ತಡಿ, ಬರ್ಕೊಂತೀನಿ—

— ಬರ್ಕೊ! ರಾಟೆ ಮುರಿದಿದ್ದು ದೀಪಾವಳಿಗೆ ಮುಂಚೆ. ಕಲ್ಲಿನ ಮೇಲೆ ಹಗ್ಗ ಉಜ್ಜಿ ಉಜ್ಜಿ ಸೇದಿ ಇಲ್ನೋಡು ಕೈ! ಆ ಗೋಡೆನಾದ್ರೂ ಐತಾ? ಪಕ್ಕದ್ಮನೆ ಅಕ್ಕಯಮ್ಮ ಮೊನ್ನೆ ಬಗ್ಗಿದೋಳು ಅರ್ಧ ಒಳಗೆ ಹೋಗಿದ್ಲು, ಸೀರೆ ಹಿಡಿದು ಎಳ್ದಿದ್ದು ನಾನು. ಇಲ್ಲದ ಗೋಡೆಗೆ ಸುಣ್ಣ, ಆ ಸುಣ್ಣದ ಮೇಲೆ ಹೆಸರು! ಮುನಿಶಾಮಪ್ಪ ಒಂದು ದಿನ ಬಂದು ಒಂದು ಬಿಂದಿಗೆ ನೀರು ಸೇದಲಿ, ಆಮೇಲೆ ಬೇಕಾದ್ರೆ ಹೆಸರಿನ ಜೊತೆ ಮೀಸೆನೂ ಬರ್ಕೊಳ್ಳಲಿ.

— ಮೀಸೆ ಬರೀಲಾ ಬ್ಯಾಡ್ವಾ?

— ಬರಿ. ಆ ಬಣವೆ ದೀಪ ಬಾವಿ ಹತ್ರ ಹಾಕ್ಬೇಕು ಅಂತನೂ ಬರಿ. ಗೋಡೆ ಇಲ್ದಿದ್ಮೇಲೆ ದೊಡ್ಡಿಗೆ ಬೀಗ ಯಾಕೆ, ಅದನ್ನೂ ಬರಿ.

— ಹೆಸರು ಯಾರ್ದು ಹಾಕ್ಲಿ? ಪಾಪಣ್ಣಂದಾ?

— ಅವರದ್ಯಾಕೆ? ನೀರು ಸೇದೋಳು ನಾನು. ನಂದೇ ಹಾಕು.

ಪಾಪಯ್ಯ ಮೆಲ್ಲಗೆ ಅವಳ ಹತ್ತಿರ ಬಂದ. ಅವನ ಮುಖ ಹಸಿದ ಮಗುವಿನ ಮುಖದಂತಿತ್ತು.

— ಕುರ್ಚಿ ಬಿಟ್ಟುಹೋಯ್ತು ಕಣೆ. ಕುರ್ಚಿದೊಂದು ನಾನು ಹೇಳ್ಲಾ?

— ಸುಮ್ಕಿರಿ. ನಿಮ್ದು ಆಣೆ ಐತೆ.

ಅವಳು ಹೆಬ್ಬೆಟ್ಟು ಒತ್ತಿ, ತಲೆಯೆತ್ತಿದಾಗ, ಎದುರಿಗೆ ಕೋಟು, ಕೊಡೆ, ಮೀಸೆ ಕಂಡವು. ಅಷ್ಟು ಹೊತ್ತೂ ತಾನು ಯಾರ ಮುಂದೆ ಕೂಗಾಡಿದೆ ಎಂಬುದು ಅವಳಿಗೆ ಆಗ ಹೊಳೆಯಿತು. ಸೆರಗು ಎಳೆದುಕೊಂಡು ಗೋಡೆಗೆ ಒತ್ತಿ ನಿಂತಳು. ಕೈಯ ಸೌಟು ಜಾರಿ ಬಿತ್ತು. ಈ ಸಂಬಂಧವನ್ನೂ ತಾನೇ ಕೈಯಾರೆ ಕಳೆದೆ ಎಂದು ಅವಳ ಕಣ್ಣು ತುಂಬಿತು. ಶ್ಯಾಮಣ್ಣನೂ ಅದನ್ನು ನೋಡಲಾಗದೆ, ಸದ್ದಾಗದಂತೆ ಹಾಳೆ ಮಡಚಿದ.

ತಿಮ್ಮರಾಯಪ್ಪ ಚಾಪೆಯ ಮೇಲೆ ಮತ್ತೆ ಕೂತರು. ಕೊಡೆಯನ್ನು ಪಕ್ಕದಲ್ಲಿ ಮಲಗಿಸಿದರು.

— ಹುಡುಗಿನ ಕರೀರಿ, ಎಂದರು.

ಮಂಗಮ್ಮ ಬೆಲ್ಲ, ಕಡಲೆಕಾಯಿ, ನೀರಿನ ಚೊಂಬು ತಂದಿಟ್ಟು, ನಮಸ್ಕಾರ ಮಾಡಿ ತಾಯಿಯ ಪಕ್ಕಕ್ಕೆ ಹೋಗಿ ನಿಂತಳು.

— ನಿಮ್ಮವ್ವ ಆಡಿದ್ದೆಲ್ಲ ಕೇಳಿಸ್ಕೊಂಡ್ಯಾ ತಾಯಿ?

ಮಂಗಮ್ಮ ತಲೆಯಾಡಿಸಿದಳು.

— ನೀನು ಏನಾದ್ರೂ ಕೇಳೋದು ಐತಾ? ಹೆದರ್ಬೇಡ.

ಹುಡುಗಿ ತಾಯಿಯನ್ನು ನೋಡಿದಳು, ತಂದೆಯನ್ನು ನೋಡಿದಳು, ಕೊನೆಗೆ ನೆಲ ನೋಡಿಕೊಂಡು, ಆದರೆ ಎಲ್ಲರಿಗೂ ಕೇಳುವ ಹಾಗೆ, ಕೇಳಿದಳು.

— ನಿಮ್ಮೂರಾಗೆ ನೀರಿಗೆ ಎಷ್ಟು ದೂರ ಹೋಗ್ಬೇಕು?

ತಿಮ್ಮರಾಯಪ್ಪ ಕಡಲೆಕಾಯಿಯನ್ನು ಸುಲಿದರು. ಬಹಳ ಹೊತ್ತು ಅಗಿದರು.

— ಸ್ವಲ್ಪ ದೂರನೇ, ಎಂದರು. ಆಮೇಲೆ ಪಾಪಯ್ಯನ ಕಡೆ ತಿರುಗಿದರು. — ಮುಂದಿನ ತಿಂಗಳ ಕೊನೆಗೆ ನಮ್ಮ ಪಂಚಾಯ್ತಿಯೋರೂ ಅಭಿಪ್ರಾಯ ಕೇಳ್ತಾರಂತೆ. ಲಗ್ನ ಅದಕ್ಕೆ ಮುಂಚೆನೇ ಆಗ್ಬೇಕು. ಅಷ್ಟೊತ್ತಿಗೆ ಈ ಹುಡುಗಿ ನಮ್ಮೂರ ನಿವಾಸಿ ಆಗಿರ್ಬೇಕು.