ಹಳದಿ ರಾಕ್ಷಸಿಯ ಸಂಹಾರ

ಬಾಡಿಗೆ ಮನೆಯಲ್ಲಿ ಗೋಡೆ ಮಾಲೀಕರದು, ಗೋಡೆಯ ಚಿಂತೆ ಮಾತ್ರ ಬಾಡಿಗೆಯವನದು. ರಘುಪತಿ ಮಾಸ್ತರರ ಊಟ ನಿದ್ದೆ ಎರಡೂ ಕೆಟ್ಟಿದ್ದು ಈ ಚಿಂತೆಯಿಂದಲೇ. ದಿನಾ ಶಿರಸಿಯಿಂದ ಸಿದ್ದಾಪುರಕ್ಕೆ ಬಸ್ಸಿನಲ್ಲಿ ನಿಂತು ಹೋಗಿ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಮತ್ತೆ ನಿಂತೇ ಬರುವ ಬಡಪಾಯಿ. ಬಂದು ಬಾಗಿಲು ತೆಗೆದರೆ ಎದುರಿಗೆ ಕಾಣುವುದು ಹೊರಕೋಣೆಯ ಗೋಡೆ. ಆ ಗೋಡೆ ಐದು ವರ್ಷದ ಮಗಳು ಅಭಿಜ್ಞಾಳ ಸಾಮ್ರಾಜ್ಯ. ಮೇಣದ ಬಣ್ಣದ ಕಡ್ಡಿಗಳ ಡಬ್ಬಿಯನ್ನು ತಂದುಕೊಟ್ಟವರೂ ಮಾಸ್ತರರೇ. (ಮಕ್ಕಳು ಕಾಗದದ ಮೇಲೆ ಬರೆಯುತ್ತಾರೆ ಎಂಬ ನಂಬಿಕೆ ಆಗ ಅವರಿಗಿತ್ತು.)

ಮೂರು ಗಾಲಿಯ ಬಸ್ಸೊಂದು, ಕೊಂಬಿರುವ ಕೋಳಿಯೊಂದು. ಇವನ್ನಾದರೂ ಸಹಿಸಬಹುದು. ಇವುಗಳ ನಡುವೆ, ಕುರ್ಚಿಯ ಹಿಂದೆ, ಹಳದಿ ಸೀರೆಯುಟ್ಟ ಒಂದು ಆಕೃತಿ. ಬಟ್ಟಲಿನಷ್ಟು ದೊಡ್ಡ ಮೂಗುತಿ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೆಂಪು ಬಾಯಿ. ಮಾಸ್ತರರು ಅದಕ್ಕೆ ಹಳದಿ ರಾಕ್ಷಸಿ ಎಂದು ಹೆಸರಿಟ್ಟಿದ್ದರು.

ಮನೆಯ ಮಾಲೀಕರು ವೀರಪ್ಪ. ಬನವಾಸಿ ಕಡೆಯವರು, ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ಮೊದಲು ಹೆಂಡತಿ ನೀಲಗಂಗವ್ವನನ್ನೂ ಕರೆದುಕೊಂಡು ಬರುತ್ತಿದ್ದರು. ಆಕೆ ಕುರ್ಚಿಯಲ್ಲಿ ಕೂತು, ಸೆರಗಿನ ಗಂಟು ಬಿಚ್ಚಿ ಅಭಿಜ್ಞಾಳಿಗೆ ಪೆಪ್ಪರಮೆಂಟು ಕೊಟ್ಟು, ಈ ಗೋಡೆಯ ಎಳೆ ಹಸಿರು ಬಣ್ಣ ತಾನೇ ಆರಿಸಿದ್ದು ಎಂದು ಹೇಳದೆ ಎದ್ದ ದಿನವಿಲ್ಲ. ಹೋದ ಮಳೆಗಾಲದಲ್ಲಿ ಆಕೆ ತೀರಿಕೊಂಡರು. ಈಗ ವೀರಪ್ಪ ಸೋಮವಾರ ಸೋಮವಾರ ಸಂಜೆ ಒಬ್ಬರೇ ಬರುತ್ತಾರೆ. ಕುರ್ಚಿಯನ್ನು ಆಚೆ ಸರಿಸುತ್ತಾರೆ. ಗೋಡೆಯನ್ನು ನೋಡುತ್ತಾರೆ. ಬಾಯಿಂದ ಒಂದು ಮಾತಿಲ್ಲ. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟು, "ಬರ್ತೀನ್ರಿ ಮಾಸ್ತರ" ಎಂದು ಹೊರಟುಬಿಡುತ್ತಾರೆ.

ಗೋಡೆ ಹಾಳಾಯಿತೆಂದು ಬೇಸರವೇ ಎಂದು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾಸ್ತರರದು ದಾಕ್ಷಿಣ್ಯದ ಮನೆತನ. ಮನಸ್ಸಿನಲ್ಲಿ ಇದ್ದುದನ್ನು ಎದುರಿಗೆ ಕೇಳಿದ ದಾಖಲೆ ಮೂರು ತಲೆಮಾರಿನಲ್ಲಿಲ್ಲ. ಅವರು ಪ್ರತಿ ಸೋಮವಾರ ಬಿಸಿ ಕಷಾಯ ಕೊಟ್ಟು, "ಈ ವರ್ಷ ಸೆಕೆ ಜೋರು ಅಲ್ಲವೇ?" ಎಂದು ಕೇಳಿ ಬೆವರುತ್ತಿದ್ದರು.

ಒಂದು ಸೋಮವಾರ ವೀರಪ್ಪ ಬಾಗಿಲಲ್ಲಿ ತಿರುಗಿ ನಿಂತರು. "ಮುಂದಿನ ಸೋಮಾರ ಮಗಳನ್ನ ಕರ್ಕೊಂಡು ಬರ್ತೀನ್ರಿ. ವಾಣಿಶ್ರೀ, ಹಾವೇರಿಗೆ ಕೊಟ್ಟೀವಲ್ರಿ, ಆಕಿ. ಆಕೀಗೂ ಈ ಗೋಡಿ ಒಮ್ಮೆ ತೋರಸ್ಬೇಕು."

ಮಾಸ್ತರರು ಅಡುಗೆಮನೆಗೆ ಓಡಿದರು. "ಕೇಳ್ತಾ, ಸಾಕ್ಷಿ ಸಮೇತ ಬತ್ತಾ ಇದ್ದ! ಮನೆ ಬಿಡಿಸದು ಗ್ಯಾರಂಟಿ!"

"ಗೋಡೆ ನೋಡ ಸಲುವಾಗಿ ಹಾವೇರಿಂದ ಯಾರಾದ್ರೂ ಬತ್ವಾ ಮಾರಾಯ್ರೆ?" ಎಂದಳು ಹೆಂಡತಿ ವಿನೋದಾ, ದೋಸೆ ಮಗುಚುತ್ತ. ಆಮೇಲೆ ಸಟ್ಟುಗ ನಿಂತಿತು. "ಇನ್ನೊಂದು ಸಲ ಮನೆ ಖಾಲಿ ಮಾಡದಾದ್ರೆ ಆನಂತೂ ಯಲ್ಲಾಪುರಕ್ಕೆ ಅಪ್ಪನ ಮನೆಗೇ ಹೋಗದು. ಪಾತ್ರೆ ಕಟ್ಟಿ ಕಟ್ಟಿ ಸಾಕಾಯ್ದು."

ಇದು ತಮಾಷೆಯ ಮಾತಾಗಿರಲಿಲ್ಲ. ಮದುವೆಯಾದ ಮೇಲೆ ಅವಳು ಮನೆಯಿಂದ ಮನೆಗೆ ಪಾತ್ರೆ ಹೊತ್ತಿದ್ದೇ ಹೊತ್ತಿದ್ದು. ಬೇಸಿಗೆಯಲ್ಲೂ ಬತ್ತದ ಬಾವಿ, ಮಗಳಿಗೆ ನಡೆದು ಹೋಗುವಷ್ಟು ಹತ್ತಿರದ ಶಾಲೆ, ಎಲ್ಲಾ ಸಿಕ್ಕಿದ್ದು ಇಲ್ಲಿ ಮಾತ್ರ. ಮಾಸ್ತರರಿಗೆ ನಿಜವಾಗಿಯೂ ಭಯವಾಯಿತು. ರಾಕ್ಷಸಿಯ ಸಂಹಾರವಾಗದೆ ಸಂಸಾರ ಉಳಿಯುವುದಿಲ್ಲ ಎಂದು ನಿಶ್ಚಯಿಸಿದರು.

ಭಾನುವಾರ ಬೆಳಿಗ್ಗೆಯೇ ಯುದ್ಧ ಶುರು. ಮೊದಲು ಅಂಟುವಾಳದ ನೊರೆ. ರಾಕ್ಷಸಿ ಅಭ್ಯಂಗ ಮಾಡಿ ಬಂದವಳಂತೆ ಇನ್ನಷ್ಟು ಹೊಳೆದಳು. ಆಮೇಲೆ ಹುಣಸೆಹುಳಿ ಮತ್ತು ಬೂದಿ. ಬಚ್ಚಲಿನ ತಾಮ್ರದ ಹಂಡೆಯನ್ನು ಬೆಳಗಿದ ಕೈಗೆ ಗೋಡೆ ಯಾವ ಲೆಕ್ಕ? ಗೋಡೆಗೆ ಹುಳಿ ಹಿಡಿಯಿತು, ಹಳದಿ ಬಿಡಲಿಲ್ಲ. ಮೇಣ ಬಿಸಿಗೆ ಕರಗುತ್ತದೆ ಎಂದು ವಿಜ್ಞಾನದ ಮಾಸ್ತರರು ಹೇಳಿದ್ದು ನೆನಪಾಗಿ ಇಸ್ತ್ರಿಪೆಟ್ಟಿಗೆ ಕಾಯಿಸಿ, ಗೋಡೆಗೆ ಪೇಪರು ಒತ್ತಿ ತಿಕ್ಕಿದರು. ಮೇಣ ಕರಗಿದ್ದು ಹೌದು. ಜೊತೆಗೆ ನಿನ್ನೆಯ ಪೇಪರಿನ ತಲೆಬರಹ ಗೋಡೆಯ ಮೇಲೆ ತಿರುಗುಮುರುಗಾಗಿ ಅಚ್ಚಾಯಿತು.

ವಿನೋದಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅದು ಯಾರ ಚಿತ್ರ ಹೇಳಿ ಮಗಳ ಹತ್ರ ಒಂದ್ಸಲ ಕೇಳಿದ್ರೆ ಆಗ್ತಿತ್ತು."

"ಹೆಸರು ಕೇಳ್ಕಂಡು ರಾಕ್ಷಸಿ ಹೊಡೆಯ ಪದ್ಧತಿ ಎಲ್ಲಾದ್ರೂ ಇದ್ದಾ?"

ಕೊನೆಗೆ ಸೀಮೆಎಣ್ಣೆ, ತೆಂಗಿನ ನಾರು. ಬಸ್ಸು ಹೋಯಿತು, ಕೋಳಿ ಹೋಯಿತು. ರಾಕ್ಷಸಿ ಅಂಗುಲ ಅಂಗುಲವಾಗಿ ಸತ್ತಳು. ಆ ಕೆಂಪು ಬಾಯಿಯಂತೂ ಎಷ್ಟು ತಿಕ್ಕಿದರೂ ನಗುತ್ತಲೇ ಇತ್ತು. ಅಭಿಜ್ಞಾ ಬಾಗಿಲ ಸಂದಿಯಲ್ಲಿ ನಿಂತು ಅತ್ತಳು. ಮಾಸ್ತರರು ಅವಳಿಂದ ಇನ್ನು ಗೋಡೆ ಮುಟ್ಟುವುದಿಲ್ಲವೆಂದು ಮಾತು ತೆಗೆದುಕೊಂಡರು. ಬಣ್ಣದ ಕಡ್ಡಿಗಳನ್ನು ಬಚ್ಚಲ ಒಲೆಗೆ ಹಾಕಿದರು. ಸಂಜೆಯ ಹೊತ್ತಿಗೆ ಗೋಡೆಯಲ್ಲಿ ರಾಕ್ಷಸಿಯೂ ಇರಲಿಲ್ಲ, ಎಳೆ ಹಸಿರೂ ಇರಲಿಲ್ಲ. ಚಿಬ್ಬು ಹತ್ತಿದಂಥ ಒಂದು ಬಿಳಿ ಕಲೆ ಇತ್ತು. ಮನೆಯೆಲ್ಲ ಸೀಮೆಎಣ್ಣೆಯ ವಾಸನೆ. ಅನ್ನ ಕೂಡ ಅದೇ ನಾತ ಹೊಡೆಯಿತು.

ಸೋಮವಾರ ಮಾಸ್ತರರು ರಜೆ ಹಾಕಿ ಕಾದರು. ವೀರಪ್ಪ ಮಗಳೊಂದಿಗೆ ಬಂದರು. ಯಾವಾಗಿನಂತೆ ಕುರ್ಚಿ ಸರಿಸಿದರು.

"ನೋಡವ್ವ, ಇಲ್ಲೇ..." ಎಂದವರು ಹಾಗೇ ನಿಂತರು.

"ಎಲ್ಲಾ ಸ್ವಚ್ಛ ಮಾಡಿದ್ದೇನೆ ಸಾವ್ಕಾರ್ರೇ" ಎಂದರು ಮಾಸ್ತರರು, ಶಹಬ್ಬಾಸ್ ಸಿಗಬಹುದೆಂಬ ಸಣ್ಣ ಆಸೆಯಿಂದ. "ಸ್ವಲ್ಪ ಬಣ್ಣ ಹೋಗಿದೆ. ಅದನ್ನೂ ಹೊಡೆಸಿಕೊಡುತ್ತೇನೆ."

ವೀರಪ್ಪ ಸರಿಸಿದ ಕುರ್ಚಿಯಲ್ಲಿ ನಿಧಾನ ಕೂತರು. "ಅಲ್ಲಿ ನಮ್ಮಾಕಿ ಇದ್ಳಲ್ರಿ ಮಾಸ್ತರ."

ಮಾಸ್ತರರು ಬಿಳಿ ಕಲೆಯ ಕಡೆ ತಿರುಗಿದರು.

"ನಿಮ್ಮ ಕೂಸು ಆಕಿ ಚಿತ್ರ ತೆಗದಿತ್ತು. ಆಕಿ ಇಲ್ಲೇ ಕುಂತು, ಎಲಿ ಅಡಕಿ ಹಾಕ್ಕೊಂಡು, ಬಾಯಿ ಕೆಂಪಗೆ ಮಾಡ್ಕೊಂಡು ನಗ್ತಿದ್ಳು. ನೋಡಿ ಹಂಗೇ ತೆಗದಿತ್ತು. ಮನ್ಯಾಗ ಫೋಟೋ ಐತ್ರಿ. ಫೋಟೋದಾಗ ಹೆದರ್ಕೊಂಡು ಕುಂತಾಳ. ನಗೋ ಅವ್ವನ್ನ ನೋಡ್ಬೇಕಂತ ಈಕಿ ಹಾವೇರಿಂದ ಬಂದಾಳ."

ವಾಣಿಶ್ರೀ ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಸ್ತರರಿಗೆ ತಾವು ತಿಕ್ಕಿದ್ದು ಏನನ್ನು ಎಂದು ಈಗ ತಿಳಿಯಿತು. ಕೈಯಲ್ಲಿ ಇನ್ನೂ ಸೀಮೆಎಣ್ಣೆಯ ವಾಸನೆಯಿತ್ತು. ಆ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಬೆನ್ನ ಹಿಂದೆ ಇಟ್ಟುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ವಿನೋದಾ ನಿಂತಿದ್ದಳು. ಅವಳ ಸೆರಗು ಹಿಡಿದು ಅಭಿಜ್ಞಾ ಇಣುಕುತ್ತಿದ್ದಳು.

"ತಂಗಿ, ಇನ್ನೊಮ್ಮೆ ತೆಗೀತೀಯೇನವ್ವ?" ಎಂದು ವೀರಪ್ಪ ಅಭಿಜ್ಞಾಳನ್ನು ಕೇಳಿದರು.

"ಆನು ಗೋಡೆ ಮೇಲೆ ಬರೀತ್ನಿಲ್ಲೆ. ಅಪ್ಪ ಬೈತ."

ಮಾಸ್ತರರು ಮಗಳ ಮುಂದೆ ಮೊಣಕಾಲೂರಿ ಬೇಡಿಕೊಂಡರು. ಪೇಟೆಗೆ ಸೈಕಲ್ಲಿನಲ್ಲಿ ಹೋಗಿ, ಇದ್ದುದರಲ್ಲಿ ದೊಡ್ಡ ಡಬ್ಬಿಯನ್ನೇ ತಂದರು. ಅಭಿಜ್ಞಾ ಹಳದಿ ಕಡ್ಡಿ ಹಿಡಿದು ಗೋಡೆಯೆದುರು ನಿಂತಳು. ಎಷ್ಟು ಹೊತ್ತಾದರೂ ಕೈ ಮೇಲೇಳಲಿಲ್ಲ.

"ಎಂತಾತು ಕೂಸೆ?"

"ಆವಾಗ ಅಜ್ಜಿ ಎದುರಿಗೆ ಕೂತಿತ್ತು. ಈಗ ಇಲ್ಲೆ. ಮುಖ ಮರ್ತುಹೋಯ್ದು." ಆಮೇಲೆ ಅವಳಿಗೆ ಏನೋ ಹೊಳೆಯಿತು. "ಅಪ್ಪಾ, ನೀನೇ ಒರೆಸಿದ್ದೆ ಅಲ್ದಾ? ನಿಂಗೆ ಗೊತ್ತಿರ್ತು. ಕಣ್ಣು ಎಲ್ಲಿತ್ತು ಹೇಳು."

ಮಾಸ್ತರರಿಗೆ ಗೊತ್ತಿತ್ತು. ಪ್ರತಿ ಗೆರೆಯೂ ಗೊತ್ತಿತ್ತು. ಕಣ್ಣು ಇಲ್ಲಿ, ಮೂಗುತಿ ಇಲ್ಲಿ, ಸೆರಗಿನ ಗಂಟು ಇಲ್ಲಿ ಎಂದು ಗೋಡೆಯ ಬಿಳಿ ಕಲೆಯ ಮೇಲೆ ಬೆರಳಿಟ್ಟು ತೋರಿಸಿದರು. ಬಾಯಿಯ ಹತ್ತಿರ ಬಂದಾಗ ಅವರು ತುಟಿ ಬಿಗಿಹಿಡಿದರು. ಅಭಿಜ್ಞಾ ಅಪ್ಪನ ಮುಖವನ್ನೇ ನೋಡುತ್ತ ಬರೆದಳು. ಕೆಂಪು ಬಾಯಿ ನೆಟ್ಟಗೆ, ಅಡ್ಡಗೆರೆಯಾಗಿ ಬಂತು.

ವೀರಪ್ಪ ಮುಂದೆ ಬಾಗಿ ನೋಡಿದರು. "ಹೂಂ. ಈಕಿ ಫೋಟೋದಾಗಿನಾಕಿ."

"ನಾವು ಮನೆ..." ಮಾಸ್ತರರು ಕೈ ಮುಗಿದರು. "ಯಾವಾಗ ಖಾಲಿ ಮಾಡಬೇಕು ಹೇಳಿ."

"ಖಾಲಿ? ಅದೆಂಗ್ರಿ?" ವೀರಪ್ಪ ಎದ್ದು ಚಪ್ಪಲಿ ಮೆಟ್ಟಿದರು. "ಆಕಿ ನಗೋ ತನಕ ನೀವು ಈ ಮನಿ ಬಿಡಂಗಿಲ್ಲ. ಐತವಾರ ಚೊಲೋತ್ನಂಗ ಒರಸ್ರಿ, ಮತ್ತ ತೆಗಸ್ರಿ. ನಾ ಸೋಮಾರ ಬಂದು ನೋಡ್ತೀನಿ."

ತಂದೆ ಮಗಳು ಗೇಟು ದಾಟಿದರು. ವಿನೋದಾ ಒಳಗೆ ಹೋಗಿ ಹೊಸ ತೆಂಗಿನ ನಾರು ತಂದು ಮಾಸ್ತರರ ಕೈಗೆ ಕೊಟ್ಟಳು.