ಸೀರೆ ಕಾಯುವ ಭಾವನವರು

ನಮ್ಮ ಭಾವನವರು, ಅಂದರೆ ನಮ್ಮ ಯಜಮಾನರ ಅಣ್ಣ, ಪುಣೆಯಲ್ಲಿ ಸೀರೆ ಮಾರುತ್ತಿದ್ದರು ಎಂದು ಜನ ಹೇಳುತ್ತಾರೆ. ಅದು ತಪ್ಪು. ಗಿರಾಕಿಗಳ ಕೈಗೆ ಸಿಗದಂತೆ ಅವರು ಸೀರೆಗಳನ್ನು ಕಾಯುತ್ತಿದ್ದರು. ಆ ಕೆಲಸಕ್ಕೆ ಒಂದು ಅಂಗಡಿ ಬೇಕಾಗಿತ್ತು, ಅಷ್ಟೇ.

ಧಾರವಾಡದಿಂದ ಇಳಕಲ್ ಸೀರೆಯ ಗಂಟು ಹೊತ್ತು ಬಂದು ಆ ಅಂಗಡಿ ತೆರೆದವರು ಅವರೇ. ನಮ್ಮವರು ಆಮೇಲೆ ಸೇರಿಕೊಂಡರು. ಕೇಳಿದವರಿಗೆ ಕೇಳಿದ ಸೀರೆ ಕೊಡುವುದು ಲೋಕದ ರೀತಿ. ಭಾವನವರಿಗೆ ಮೊದಲು ಸೀರೆಯ ಒಪ್ಪಿಗೆ ಬೇಕು! ಒಮ್ಮೆ ವಕೀಲರೊಬ್ಬರ ಹೆಂಡತಿ ಟಾಂಗಾ ಇಳಿದು ಬಂದು ಹಳದಿ ಸೀರೆ ಕೇಳಿದರು. ಇವರು ಸೀರೆಯನ್ನೂ ಆಕೆಯನ್ನೂ ಬಹಳ ಹೊತ್ತು ನೋಡಿ, ಅಚ್ಚ ಮರಾಠಿಯಲ್ಲಿ, "ಬಾಯಿಸಾಹೇಬ, ಇದನ್ನು ಉಟ್ಟರೆ ನಿಮಗೆ ಕಾಮಾಲೆಯೆಂದು ನೆರೆಯವರು ಕಷಾಯ ತಂದುಕೊಡುತ್ತಾರೆ" ಎಂದರು. ಆಕೆ ನೇರವಾಗಿ ರಸ್ತೆ ದಾಟಿ ಎದುರಿನ ಗಾಜಿನ ಕಪಾಟಿನ ಹೊಸ ಅಂಗಡಿಗೆ ಹೋದರು. ಭಾವನವರು "ಪಾರಾದಿ ನೋಡು" ಎಂದು ಸೀರೆಯ ಬೆನ್ನು ತಟ್ಟಿದರು. ಸೀರೆಗೆ ಬೆನ್ನು ಎಲ್ಲಿರುತ್ತದೆ ಎಂದು ನೀವು ಕೇಳಬಹುದು. ಅವರಿಗೆ ಗೊತ್ತಿತ್ತು.

ದೀಪಾವಳಿ ಹತ್ತಿರ ಬಂದಿತು. ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಸುತ್ತಿದ್ದಾಗ ನಮ್ಮವರು ತಲೆ ಎತ್ತದೆ ಮಾತು ತೆಗೆದರು.

"ಅಣ್ಣಾ, ಈ ಹಬ್ಬದಾಗ ಅಂಗಡಿ ಗಲ್ಲಾದ ಗಾದಿ ಮ್ಯಾಲೆ ನಾ ಕೂಡತೀನಿ. ನೀವು ಬರೇ ತಯಾರಿ ನೋಡ್ಕೋರಿ. ಹಬ್ಬ ಮುಗಿದ ಮ್ಯಾಲೆ ಇಂದಾಪುರಕ್ಕ ಹೋಗ್ರಿ. ನಮ್ಮ ಅಳಿಯನ ಬೆಲ್ಲದ ಕೋಠಿ ನೋಡ್ಕೊಳ್ಳಾಕ ಒಬ್ಬರು ಬೇಕಾಗ್ಯಾರ."

ಭಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಬೆಲ್ಲಕ್ಕ ನನ್ನ ಗುರ್ತು ಇಲ್ಲೋ" ಎಂದರು. ಆಮೇಲೆ ಪಲ್ಯ ಬೇಡವೆಂದು ಎದ್ದುಬಿಟ್ಟರು. ಬದನೆಕಾಯಿ ಪಲ್ಯ ಬಿಟ್ಟು ಅವರು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನದಿಂದ ತಯಾರಿ ಶುರುವಾಯಿತು. ಸುಣ್ಣ ಬಳಿದದ್ದು ಸರಿ, ಹುಳ ಹಿಡಿಯದಂತೆ ಬೇವಿನ ಎಲೆ ಇಟ್ಟದ್ದೂ ಸರಿ. ಹೆಂಡತಿಯರ ಜೊತೆ ಬರುವ ಗಂಡಸರಿಗಾಗಿ ಇಟ್ಟಿದ್ದ ಬೆಂಚನ್ನು ಮಾತ್ರ ರಸ್ತೆಯ ಕಡೆ ತಿರುಗಿಸಿಬಿಟ್ಟರು. "ಸೀರಿ ಕಂಡರ ದರ ಕೇಳ್ತಾರ. ಟಾಂಗಾ ನೋಡ್ಕೋತ ಕೂಡಲಿ" ಎಂದರು. ಗಿರಾಕಿಗಳ ಜಮಖಾನೆ ಮೆತ್ತಗಿದೆಯೇ ಎಂದು ಪರೀಕ್ಷಿಸಲು ತಾವೇ ಗಿರಾಕಿಯಾಗಿ ಕುಳಿತು, ಸಂಜೆಯವರೆಗೆ ಗೊರಕೆ ಹೊಡೆದರು. ಮೆತ್ತಗಿತ್ತು.

ಸೀರೆ ಮಡಚಲು ನಾನು ಹೋಗಿದ್ದೆ. ನೋಡಿದರೆ ಒಂದೊಂದು ಸಾಲಿನಲ್ಲೂ ಎಲ್ಲ ಬಣ್ಣ, ಎಲ್ಲ ದರ ಕಲಸಿಹೋಗಿವೆ.

"ಭಾವಾ, ಇದೇನ್ರಿ ಹಿಂಗ ಇಟ್ಟೀರಿ?"

"ನೋಡವಾ ತಂಗಿ, ಇದು ಅತ್ತಿ ಜೋಡಿ ಬರೋ ಸೊಸೆಂದಿರ ಸಾಲು. ಅದು ಗಂಡನ ಮ್ಯಾಲೆ ಸಿಟ್ಟಾಗಿ ಬಂದವರದು. ಆ ಮೂಲ್ಯಾಗಿಂದು, ಭಾವುಬೀಜಕ್ಕ ಅಕ್ಕ-ತಂಗಿಗೆ ಕೊಡಾಕ ಬರೋ ಗಂಡಸೂರದು. ಅವರು ಕಣ್ಣು ಮುಚ್ಚಿ ತಗೋತಾರ, ಕೈಗೆ ಮೊದಲ ಸಿಗಬೇಕು."

"ನಿಮ್ಮ ತಮ್ಮಗ ಇದು ಹೆಂಗ ತಿಳೀಬೇಕ್ರಿ?"

"ಗಾದಿ ಮ್ಯಾಲೆ ಕೂಡೋರಿಗೆ ತಿಳೀಬೇಕಲ್ಲ" ಎಂದು ಬಹಳ ಮುಗ್ಧವಾಗಿ ನೋಡಿದರು.

ಹಬ್ಬದ ಜನ ನುಗ್ಗಿತು. ನಮ್ಮವರು ಗಾದಿಯ ಮೇಲೆ, ನಾನು ಒಳಗೆ, ಭಾವನವರು ಹೊರಗೆ ಮೆಟ್ಟಿಲ ಮೇಲೆ ಚೆಂಡುಹೂವು ಪೋಣಿಸುತ್ತ. ಹೆಂಗಸೊಬ್ಬಳು ಕೆಂಪು ಸೆರಗಿನ ಹಸಿರು ಇಳಕಲ್ ಕೇಳಿದಳು. ನಮ್ಮವರು ಎಲ್ಲ ಸಾಲು ಜಾಲಾಡಿದರು. ಕೊನೆಗೆ ನನ್ನ ಹತ್ತಿರ ಬಂದು, "ಹಸರು ಎಲ್ಲಿ ಅದ?" ಎಂದು ಪಿಸುಗುಟ್ಟಿದರು.

"ಆಕಿಗೆ ಅತ್ತಿ ಇದ್ದಾಳೇನು, ಕೇಳ್ರಿ" ಎಂದೆ. ನನ್ನನ್ನು ಅವರು ಹಾಗೆ ನೋಡಿದ್ದು ಮದುವೆಯಾದ ಮೇಲೆ ಅದೇ ಮೊದಲು.

"ಅಣ್ಣಾ, ಒಳಗ ಬರ್ರಿ."

"ನನಗ ಹೂವಿನ ಕೆಲಸ ಅದ."

"ಬರ್ರಿ ಅಂದೆ."

ಭಾವನವರು ಬಂದು ಆಕೆಯ ಮುಖ ನೋಡಿ, ಸಿಟ್ಟಿನ ಸಾಲಿನಿಂದ ಹಸಿರು ಸೀರೆ ಎಳೆದು, "ಬಾಯಿ, ಇದನ್ನು ಉಟ್ಟು ಯಜಮಾನರ ಎದುರಿಗೆ ಓಡಾಡಿ, ಮಾತು ಮಾತ್ರ ಆಡಬೇಡಿ" ಎಂದರು. ಆಕೆ ನಕ್ಕು ಎರಡು ಸೀರೆ ಕೊಂಡಳು. ಆಮೇಲೆ ಭಾವನವರು ಹೊರಗೆ ಹೋಗಲಿಲ್ಲ. ಗಾದಿಯ ಕೆಳಗೆ ನೆಲದ ಮೇಲೆ ಕುಳಿತೇ ಸೀರೆ ತೆಗೆದುಕೊಡುತ್ತಿದ್ದರು. ವ್ಯಾಪಾರ ಎಂದೂ ಹಾಗೆ ಆಗಿರಲಿಲ್ಲ.

ಅಷ್ಟರಲ್ಲಿ ನಮ್ಮವರ ಕಣ್ಣು ಎಲ್ಲಕ್ಕಿಂತ ಕೆಳಗಿನ ಸಾಲಿನ ಮೇಲೆ ಬಿತ್ತು. ಅಂಗಡಿಯ ಅತ್ಯುತ್ತಮ ರೇಷ್ಮೆ ಸೀರೆಗಳೆಲ್ಲ ಅಲ್ಲಿ, ದಾರಿಹೋಕರ ಕೈಗೂ ಎಟುಕುವಂತೆ ಇದ್ದವು.

"ಇದ್ಯಾರ ಸಾಲು ಅಣ್ಣಾ?"

ಭಾವನವರು ಆಗಲೇ ಹೊರಗೆ ನೋಡುತ್ತಿದ್ದರು. ಬಾಗಿಲಲ್ಲಿ ಊರಾಚೆಯ ಖಡಕಿಯೆಂಬ ಪೇಟೆಯಿಂದ ನಡೆದು ಬಂದ ಕೂಲಿಯ ಹೆಂಗಸೊಬ್ಬಳು, ಕಾಲು ತುಂಬ ಧೂಳು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಭಾವನವರು ಆಕೆಯನ್ನು ಕರೆದು ಜಮಖಾನೆಯ ಮೇಲೆ ಕೂರಿಸಿದರು. ಕೆಳಗಿನ ಸಾಲಿನಿಂದ ನೇರಳೆ ರೇಷ್ಮೆ ತೆಗೆದು ಆಕೆಯ ತೊಡೆಯ ಮೇಲೆ ಹರಡಿದರು. ಆಕೆ ಕೈ ಒರೆಸಿಕೊಂಡು, ಜರಿಯ ಅಂಚಿನ ಮೇಲೆ ಬೆರಳಾಡಿಸಿದಳು. ದರ ಕೇಳಲಿಲ್ಲ. ಇವರೂ ಹೇಳಲಿಲ್ಲ.

"ತಗೊಳ್ಳಾಕ ಆಗದವರದು" ಎಂದರು ಭಾವನವರು ತಮ್ಮನಿಗೆ, ಮೆಲ್ಲಗೆ. "ಅವರಿಗೂ ಹಬ್ಬ ಅಲ್ಲೇನೋ."

ನಮ್ಮವರು ಗಾದಿಯಿಂದ ಕೆಳಗಿಳಿದರು. ಅಣ್ಣನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅದೇ ಸಾಲಿನಿಂದ ಇನ್ನೊಂದು ಸೀರೆ ತೆಗೆದು ಆಕೆಯ ಮುಂದೆ ಬಿಚ್ಚಿದರು.

"ಅಣ್ಣಾ, ಗಾದಿ ಮ್ಯಾಲೆ ಹೋಗಿ ಕೂಡ್ರಿ. ಇಲ್ಲೆ ನಾ ನೋಡ್ಕೋತೀನಿ."

ಭಾವನವರು ಬೇಗ ಏಳಲಿಲ್ಲ. "ಸಾವಕಾಶ ಬಿಚ್ಚೋ" ಎಂದರು. "ಆಕಿ ಇನ್ನೂ ಮೊದಲಿನ ಸೀರೀನ ನೋಡಾಕತ್ತಾಳ."