ಕಳೆದ ಏಳು ದಿನಗಳಲ್ಲಿ ಒಂದು ತಾಸು

ನಿಮಗೆ ಕೆಲಸ ಇದೆಯೇ ಎಂದು ಜನರನ್ನು ಕೇಳುತ್ತ ತಿರುಗುವುದೇ ಕೆಲಸವಾದ ಮನುಷ್ಯನಿಗೆ ನಗುವ ಪ್ರಸಂಗಗಳು ತಾವಾಗಿಯೇ ಬಂದು ಬೀಳುತ್ತವೆ, ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾನು ಇದುವರೆಗೆ ನಮೂನೆಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ. ಆದ್ದರಿಂದ ಮೊದಲು ಈ ಕೆಲಸ ಎಂಥದು ಎಂದು ವಿವರಿಸಿಬಿಡುತ್ತೇನೆ. ವಿವರಿಸದಿದ್ದರೆ ಓದುವವರಿಗೆ ಮುಂದಿನದು ತಿಳಿಯಲಿಕ್ಕಿಲ್ಲ ಎಂಬ ಹೆದರಿಕೆ ನನಗಿದೆ.

ನಮ್ಮ ಭಾಗದ ಜನರ ದುಡಿಮೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಲು ಒಂದು ಸಮೀಕ್ಷೆ ನಡೆಯುತ್ತದೆ. ಆಯ್ದ ಕೆಲವು ಮನೆಗಳಿಗೆ ಮೂರು ತಿಂಗಳಿಗೊಮ್ಮೆ, ಅಂದರೆ ವರ್ಷಕ್ಕೆ ನಾಲ್ಕು ಸಲ, ಹೋಗಿ ಅದೇ ಪ್ರಶ್ನೆಗಳನ್ನು ಕೇಳಬೇಕು. ಒಂದೇ ಸಲ ಕೇಳಿದರೆ ಸಾಲದೇ ಎಂದು ಬಹಳ ಜನ ಕೇಳಿದ್ದಾರೆ. ಜ್ವರವನ್ನು ಒಂದು ಸಲ ನೋಡಿದರೆ ಜ್ವರ ಇದೆ ಎಂದಷ್ಟೇ ಗೊತ್ತಾಗುತ್ತದೆ, ಇಳಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮತ್ತೆ ಮತ್ತೆ ನೋಡಬೇಕು. ಇದೂ ಹಾಗೆಯೇ.

ಮುಖ್ಯ ಪ್ರಶ್ನೆ ಒಂದೇ: 'ಕಳೆದ ಏಳು ದಿನಗಳಲ್ಲಿ ನೀವು ಒಂದು ತಾಸಾದರೂ ದುಡಿದಿದ್ದೀರಾ?' ಏಳು ದಿನ ಎಂದರೆ ನಿನ್ನೆಗೆ ಮುಗಿಯುವ ಏಳು ದಿನ. ಇವತ್ತು ಸೇರುವುದಿಲ್ಲ. ಈ ನಿಯಮವನ್ನು ದಯವಿಟ್ಟು ನೆನಪಿಡಬೇಕು, ಬಾದಾಮಿಯಲ್ಲಿ ಬೇಕಾಗುತ್ತದೆ.

ಇನ್ನೊಂದು ಮಾತು. ನನ್ನದು ಒಂದು ವರ್ಷದ ಗುತ್ತಿಗೆ ಕೆಲಸ. ಅದಕ್ಕಿಂತ ಮುಂಚೆ ಮೂರು ವರ್ಷ ನನಗೆ ಯಾವ ಕೆಲಸವೂ ಇರಲಿಲ್ಲ. ವರ್ಷದ ಕೊನೆಯ ಭೇಟಿ ಮುಗಿದ ಎರಡು ದಿನಕ್ಕೆ ಒಬ್ಬ ಅಧಿಕಾರಿ ನನ್ನ ಪಟ್ಟಿಯ ಮನೆಗಳಲ್ಲಿ ಮೂರನ್ನು ಆರಿಸಿಕೊಂಡು, ಅದೇ ವಾರದ ಬಗ್ಗೆ ಅದೇ ಪ್ರಶ್ನೆ ಕೇಳುತ್ತಾರೆ. ಮೂರರಲ್ಲಿ ಒಂದು ಮನೆಯದಾದರೂ ನಾನು ಬರೆದದ್ದಕ್ಕೆ ಹೊಂದಿದರೆ ಗುತ್ತಿಗೆ ಮುಂದುವರಿಯುತ್ತದೆ. ಮೂರೂ ಹೊಂದದಿದ್ದರೆ ಮುಂದಿನ ವರ್ಷ ಯಾರಾದರೂ ಬಂದು ನನ್ನನ್ನೇ ಈ ಪ್ರಶ್ನೆ ಕೇಳಬೇಕಾಗುತ್ತದೆ.

೧. ಬಾಗಲಕೋಟೆಯ ಮಾಸ್ತರರು

ನನ್ನ ಮೊಟ್ಟಮೊದಲ ಮನೆ ನವನಗರದಲ್ಲಿತ್ತು. ಹಳೇ ಊರು ಹಿನ್ನೀರಿಗೆ ಹೋದ ಮೇಲೆ ಕಟ್ಟಿದ ಬಡಾವಣೆಗಳಿಗೆ ಅಲ್ಲಿ ಹೆಸರಿಗಿಂತ ನಂಬರೇ ಹೆಚ್ಚು ಬಳಕೆ. ಅದಕ್ಕೇ ಮನೆ ಬೇಗ ಸಿಕ್ಕಿತು. ಬಾಗಿಲು ತೆರೆದವರು ನಿವೃತ್ತ ಹೆಡ್ ಮಾಸ್ತರರು. ನಾನು ನಮೂನೆ ಬಿಚ್ಚಿ ಮೊದಲ ಪ್ರಶ್ನೆ ಓದಿದೆ.

"ನಿಲ್ಲು," ಅಂದರು. "ಒಂದೇ ವಾಕ್ಯದಾಗ ಮೂರು ಪ್ರಶ್ನಿ ಅದಾವು. ಇದನ್ನ ಬರದಾಂವ ಯಾರು?"

"ಗೊತ್ತಿಲ್ಲರಿ ಸರ. ಮೇಲಿಂದ ಬಂದೈತಿ."

"ಕೊಡಿಲ್ಲಿ." ನಮೂನೆಯನ್ನು ಕೈಯಿಂದ ತೆಗೆದುಕೊಂಡು ಕನ್ನಡಕ ಏರಿಸಿದರು. "ಪ್ರಶ್ನಿ ಕೇಳೋದು ಹೆಂಗ ಅಂತ ನಾ ತೋರಸ್ತೇನಿ. ನಿನ್ನ ವಯಸ್ಸೆಷ್ಟು?"

ಹೇಳಿದೆ. ಯಾಕೆ ಹೇಳಿದೆ ಎಂದರೆ, ಮಾಸ್ತರರು ಕೇಳಿದಾಗ ಉತ್ತರ ಹೇಳದೆ ನಿಂತು ನನಗೆ ರೂಢಿಯಿಲ್ಲ.

"ಎಲ್ಲಿತನಕ ಸಾಲಿ ಕಲತಿ?"

"ಎಂ.ಎ. ಅರ್ಥಶಾಸ್ತ್ರರಿ."

"ಈ ನೌಕರಿ ಕಾಯಂ ಐತೇನು?"

"ಇಲ್ಲರಿ, ಒಂದು ವರ್ಷದ್ದು."

"ಅದು ಮುಗದ ಮ್ಯಾಲೆ?"

ಅವರು ಪುಟ ತಿರುವಿ ಇನ್ನೂ ಎಂಟು ಪ್ರಶ್ನೆ ಕೇಳಿದರು. ಆಮೇಲೆ ನಮೂನೆಯನ್ನು ನನಗೆ ವಾಪಸು ಕೊಟ್ಟು ಒಳಗೆ ಕೂಗಿ ಹೇಳಿದರು: "ಏ, ಇನ್ನೊಂದು ಕಪ್ ಚಹಾ ಇಡು. ಪಾಪ, ಕೆಲ್ಸ ಹುಡಕಾಕತ್ತಾನ."

೨. ಬಾದಾಮಿಯ ಕಾವಲುಗಾರ

ಬಾದಾಮಿಯಲ್ಲಿ ಮಂಗಗಳು ಹೆಚ್ಚು ಎಂದು ಹೋಗಿ ಬಂದವರಿಗೆಲ್ಲ ಗೊತ್ತು. ನನ್ನ ಪಟ್ಟಿಯಲ್ಲಿದ್ದ ಒಬ್ಬಾತನ ಉದ್ಯೋಗ, ಗುಡಿ-ಗುಹೆ ನೋಡಲು ಬರುವವರು ಊಟ ಮಾಡುವ ಖಾನಾವಳಿಯ ಮುಂದೆ ಬಡಿಗೆ ಹಿಡಿದು ನಿಂತು ಮಂಗಗಳನ್ನು ಓಡಿಸುವುದು. ಪ್ರತಿ ಉದ್ಯೋಗಕ್ಕೂ ಒಂದು ಸಂಖ್ಯೆ ಇರುತ್ತದೆ, ಅದನ್ನು ನಾವು ದಪ್ಪನೆಯ ಒಂದು ಪುಸ್ತಕದಲ್ಲಿ ಹುಡುಕಿ ಬರೆಯಬೇಕು. ಆ ಪುಸ್ತಕದಲ್ಲಿ ಕುರಿ ಕಾಯುವವರು, ಆನೆ ಪಳಗಿಸುವವರು, ಜೇನು ಸಾಕುವವರು ಎಲ್ಲರೂ ಇದ್ದಾರೆ. ಅಂದರೆ ಪ್ರಾಣಿಯನ್ನು ಹತ್ತಿರ ಇಟ್ಟುಕೊಳ್ಳುವವರು ಇದ್ದಾರೆ, ಓಡಿಸುವವರು ಇಲ್ಲ. ಮೊದಲ ಮೂರು ಸಲ ನಾನು 'ಕಾವಲುಗಾರ' ಎಂದು ಬರೆದು ಮುಗಿಸಿದ್ದೆ.

ನಾಲ್ಕನೆಯ ಸಲ ಹೋದಾಗ ಆತ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ.

"ಈ ಸಲ ಕೆಲ್ಸ ಇಲ್ಲರಿ," ಅಂದ. "ಖಾನಾವಳಿಗೆ ಬಣ್ಣ ಹಚ್ಚಾಕತ್ತಾರ. ಎಂಟು ದಿನ ಆತು, ಬಂದ್ ಐತಿ."

"ಒಂದು ತಾಸೂ ಇಲ್ಲೇನು?"

"ಒಂದು ಮಿನಿಟೂ ಇಲ್ಲ."

ಕೆಲಸವಿಲ್ಲದವರಿಗೆ ಬೇರೆ ಸಂಖ್ಯೆ ಬರೆಯಬೇಕು. ಅದನ್ನು ನೋಡಲು ಪುಸ್ತಕ ತೆರೆದು ತೊಡೆಯ ಮೇಲೆ ಇಟ್ಟುಕೊಂಡೆ. ಹಿಂದಿನ ಮಾಳಿಗೆಯಿಂದ ಒಂದು ಕೈ ಬಂತು, ಪುಸ್ತಕ ಹೋಯಿತು. ದೊಡ್ಡ ಗಂಡು ಮಂಗ. ಅದು ಪುಸ್ತಕವನ್ನು ಹಿಡಿದು ಎರಡು ಮಾಳಿಗೆ ದಾಟಿ ಕುಳಿತು ಹಾಳೆ ತಿರುವತೊಡಗಿತು. ಪುಸ್ತಕ ಕಳೆದರೆ ಅದರ ಬೆಲೆಯನ್ನು ನನ್ನಿಂದಲೇ ಭರ್ತಿ ಮಾಡಿಸುತ್ತಾರೆ, ನಾನು ಗಾಬರಿಯಾಗಿ ಎದ್ದು ನಿಂತೆ.

ಆತ ಗಾಬರಿಯಾಗಲಿಲ್ಲ. ಒಳಗಿನಿಂದ ಬಡಿಗೆ ತಂದ, ಜೇಬಿಗೆ ಒಂದು ಹಿಡಿ ಸೇಂಗಾ ಹಾಕಿಕೊಂಡ, ಮಾಳಿಗೆ ಏರಿದ. ಒಂದು ಕಡೆಯಿಂದ ಬಡಿಗೆ, ಇನ್ನೊಂದು ಕಡೆಯಿಂದ ಸೇಂಗಾ ತೋರಿಸುತ್ತ ಏಳೆಂಟು ಮನೆಗಳ ಮೇಲೆ ಓಡಾಡಿದ. ಕೊನೆಗೆ ಪುಸ್ತಕದೊಂದಿಗೆ ಇಳಿದು ಬಂದು ಬೆವರು ಒರೆಸಿಕೊಂಡ. ರಕ್ಷಾಪುಟದ ಒಂದು ಮೂಲೆ ಮಾತ್ರ ಇರಲಿಲ್ಲ.

"ನಿಮ್ಮ ಗಡಿಯಾರ ನೋಡ್ರಿ," ಅಂದ. "ತಾಸಿನ ಮ್ಯಾಲೇ ಆಗೈತಿ. ಈಗ ಬರ್ಕೋರಿ, ಕೆಲ್ಸ ಮಾಡ್ಯಾನ ಅಂತ."

ನನಗೆ ಸಂಕಟವಾಯಿತು. ಆದರೆ ನಿಯಮ ನಿಯಮವೇ. "ಇವತ್ತಿಂದು ಲೆಕ್ಕಕ್ಕ ಬರೂದಿಲ್ಲರಿ. ನಿನ್ನಿತನಕದ್ದು ಅಷ್ಟ."

ಆತ ನನ್ನನ್ನೂ ಪುಸ್ತಕವನ್ನೂ ನೋಡಿದ. "ಹಂಗಾದ್ರ ನಾಳಿ ಬಂದು ಬರ್ಕೋರಿ."

ಮರುದಿನ ಬೇರೆ ಊರಿನ ಪಾಳಿ, ನಾನು ಹೋಗುವಂತಿರಲಿಲ್ಲ. 'ಕೆಲಸ ಇಲ್ಲ' ಎಂದೇ ಬರೆದೆ. ಎರಡು ದಿನ ಬಿಟ್ಟು ಅಧಿಕಾರಿ ಆರಿಸಿದ ಮೊದಲ ಮನೆ ಅದೇ. ತಾನು ಆ ವಾರ ತಾಸಿಗಿಂತ ಹೆಚ್ಚು ದುಡಿದಿದ್ದೇನೆ, ಅದೂ ಸರಕಾರದ ಪುಸ್ತಕಕ್ಕಾಗಿ, ಎಂದು ಆತ ಹಟ ಹಿಡಿದನಂತೆ. ಅಧಿಕಾರಿ ದಕ್ಷಿಣದ ಕಡೆಯವರು, ಮೃದುವಾಗಿ ಮಾತಾಡುವವರು. "ಅದನ್ನು ಯಾರಾದರೂ ನೋಡಿದ್ದಾರೆಯೇ?" ಎಂದು ಕೇಳಿದರಂತೆ.

"ನೋಡೈತಲ್ರಿ," ಎಂದು ಆತ ಮಾಳಿಗೆಯತ್ತ ಕೈ ತೋರಿಸಿದನಂತೆ. "ಅಲ್ಲೇ ಕುಂತೈತಿ, ಕೇಳ್ರಿ."

ಒಂದು ಮನೆ ಹೊಂದಲಿಲ್ಲ.

೩. ಹುನಗುಂದದ ವರ

ಹುನಗುಂದದ ಮನೆಯ ಕಥೆ ನಾಲ್ಕು ಭೇಟಿಗಳಲ್ಲಿ ಹರಡಿದೆ, ಆದ್ದರಿಂದ ಕ್ರಮವಾಗಿ ಹೇಳುತ್ತೇನೆ. ತಂದೆ, ತಾಯಿ, ಮದುವೆಗೆ ಬಂದ ಒಬ್ಬ ಮಗ. ಮಗ ಗ್ರಾನೈಟ್ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದಿನಗೂಲಿ ಕೆಲಸಗಾರ.

ಮೊದಲ ಸಲ ನಾನು ಬಾಗಿಲಲ್ಲಿ ನಿಂತು "ನಿಮ್ಮ ಮಗ ಏನು ಮಾಡ್ತಾನ? ಹೊಲ ಎಷ್ಟೈತಿ?" ಎಂದು ಕೇಳುವಷ್ಟರಲ್ಲಿ ಚಾಪೆ ಬಂತು, ಚುರುಮುರಿಯ ಸೂಸಲ ಬಂತು, ಮಿರ್ಚಿ ಭಜಿ ಬಂತು. ಮಗ ಕಾರ್ಖಾನೆಯ ಮ್ಯಾನೇಜರ್ ಎಂದರು. ಹೊಲ ಹನ್ನೆರಡು ಎಕರೆ ಎಂದರು. ನಮ್ಮ ಕಡೆ ಕನ್ಯೆಯ ಕಡೆಯವರು ನೇರವಾಗಿ ಹೇಳದೆ, ಏನೋ ನೆಪ ಮಾಡಿಕೊಂಡು ಬಂದು ಹುಡುಗನನ್ನು ವಿಚಾರಿಸುವುದು ಉಂಟು. ನನ್ನನ್ನು ಅವರು ಹಾಗೆ ತಿಳಿದಿದ್ದರು. ನಾನು ಗುರುತಿನ ಚೀಟಿ ತೋರಿಸಿದ ಮೇಲೆ ಹೊಲ ಎರಡು ಎಕರೆಗೆ ಬಂತು. ಮಿರ್ಚಿ ಅಷ್ಟರಲ್ಲಿ ತಿಂದಾಗಿತ್ತು.

ಎರಡನೆಯ ಸಲ ಏನೂ ಆಗಲಿಲ್ಲ. ಮೂರನೆಯ ಸಲ ಹೋದಾಗ ತಾಯಿ ನನ್ನ ಜೊತೆ ಮಾತಾಡಲಿಲ್ಲ. ತಂದೆ ಹೇಳಿದರು: "ಹ್ವಾದ ವಾರ ಇಬ್ಬರು ಬಂದಿದ್ರು ತಮ್ಮಾ. ಮಗ ಏನು ಮಾಡ್ತಾನ, ಹೊಲ ಎಷ್ಟು, ಅಂತ ನಿನ್ನಂಗ ಕೇಳಿದ್ರು. ನಿನ್ನ ಮಂದಿನ ಇರಬೇಕಂತ ತಿಳದು, ರೇಶನ್ ಕಾರ್ಡ್ ಕಟ್ ಮಾಡ್ಯಾರು ಅಂತ ಅಂಜಿ, ಹೊಲ ಇಲ್ಲ, ಮಗಗ ಕೆಲ್ಸ ಇಲ್ಲ, ಖಾಲಿ ತಿರಗತಾನ ಅಂತ ಅಂದ್ವಿ. ಇವಳು ಚಹಾನೂ ಕೊಡಲಿಲ್ಲ."

"ಅವರು ಯಾರ್ರಿ?"

"ಕನ್ಯಾದವರು."

ನಾಲ್ಕನೆಯ ಸಲ ನಾನು ಇದ್ದದ್ದನ್ನೇ ಬರೆದುಕೊಂಡು ಬಂದೆ: ದಿನಗೂಲಿ, ವಾರಕ್ಕೆ ಆರು ದಿನ. ಎರಡು ದಿನ ಬಿಟ್ಟು ಅಧಿಕಾರಿ ಹೋದರು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಜೀಪಿನಲ್ಲಿ ಬಂದಿದ್ದರು. ಇನ್ನೊಮ್ಮೆ ಮೋಸ ಹೋಗಬಾರದು ಎಂದು ಆ ಮನೆಯವರು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದರು.

ಸಂಜೆ ಅಧಿಕಾರಿ ನನಗೆ ಫೋನ್ ಮಾಡಿದರು. "ನೀವು ಕೂಲಿ ಎಂದು ಬರೆದಿದ್ದೀರಿ. ಆತ ಕಾರ್ಖಾನೆಯ ಮಾಲೀಕ, ಕೈಕೆಳಗೆ ಇಪ್ಪತ್ತು ಜನ ಇದ್ದಾರೆ ಎನ್ನುತ್ತಾರೆ."

ನಾನು ಮೊದಲಿನಿಂದ ಎಲ್ಲವನ್ನೂ ವಿವರಿಸಿದೆ.

"ಓಹೋ," ಅಂದರು. "ಅದಕ್ಕೇ ನನ್ನ ಹತ್ತಿರ ಹುಡುಗಿಯ ಫೋಟೋ ಕೇಳಿದರು."

ಕಾರಣ ತಿಳಿದರೂ ಹೊಂದದ್ದು ಹೊಂದಲಿಲ್ಲ. ಎರಡು ಮನೆ ಹೋಯಿತು.

೪. ಇಳಕಲ್ಲಿನ ಅಜ್ಜಿ

ಉಳಿದದ್ದು ಇಳಕಲ್ಲಿನ ಒಂದು ನೇಕಾರರ ಮನೆ. ಮಗ ಮಗ್ಗದ ಮೇಲೆ ಸೀರೆ ನೇಯುತ್ತಾನೆ. ಅವನ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ನೆಲದ ಮೇಲೆ ಕುಳಿತು ಕೊಂಡಿ ಹಾಕುತ್ತಾಳೆ. ಕೊಂಡಿ ಎಂದರೆ, ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ಒಂದೊಂದು ಎಳೆಯನ್ನೂ ಇನ್ನೊಂದರ ಕುಣಿಕೆಯೊಳಗೆ ತೂರಿಸಿ ಜೋಡಿಸಬೇಕು. ಅದಾಗದೆ ಮಗ ಸೆರಗು ನೇಯುವಂತಿಲ್ಲ.

ನಾಲ್ಕೂ ಸಲ ಅಜ್ಜಿ ನನಗೆ ಒಂದೇ ಉತ್ತರ ಕೊಟ್ಟಿದ್ದಳು: "ನಂದೇನು ಕೆಲ್ಸಪಾ, ಮನ್ಯಾಗ ಇರ್ತೇನಿ." ಹೇಳುವಾಗ ಕೈ ನಿಂತಿರಲಿಲ್ಲ. ಇಂಥಲ್ಲಿ ಬಿಡಿಸಿ ಕೇಳಬೇಕೆಂಬ ನಿಯಮವಿದೆ. ನಾನು ಬಿಡಿಸಿ ಕೇಳಿ, 'ದುಡಿದಿದ್ದಾರೆ, ಏಳು ದಿನ, ದಿನಕ್ಕೆ ಆರು ತಾಸು' ಎಂದು ಬರೆದಿದ್ದೆ.

ಅಧಿಕಾರಿಗೆ ಓಣಿ ಸಿಗಲಿಲ್ಲ, ನನಗೇ ಫೋನ್ ಬಂತು. ಮನೆ ತೋರಿಸಿದೆ. "ನೀವು ಹೊಸ್ತಿಲಲ್ಲೇ ಇರಬೇಕು, ಒಂದು ಮಾತೂ ಆಡಬಾರದು," ಅಂದರು. ಅದೂ ನಿಯಮವೇ. ನಾನು ನಿಂತೆ.

ಅವರು ಅಜ್ಜಿಯ ಎದುರು ಕುಳಿತು ಕೇಳಿದರು: "ಅಮ್ಮಾ, ಕಳೆದ ಏಳು ದಿನಗಳಲ್ಲಿ ತಾವು ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ?"

"ಎಲ್ಲೀದ್ರಿ," ಅಂದಳು ಅಜ್ಜಿ. "ಈ ವಯಸ್ಸಿನಾಗ ಕೆಲ್ಸ ಯಾರು ಕೊಡ್ತಾರ?"

ಅಧಿಕಾರಿ ತಿರುಗಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಮತ್ತೆ ಮೂರು ವರ್ಷ ಮನೆಯಲ್ಲಿ ಕುಳಿತರೆ ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಅವರು ಪೆನ್ನು ತೆಗೆದರು.

"ಸಾಹೇಬ್ರ," ಅಂದಳು ಅಜ್ಜಿ, "ಸುಮ್ನ ಕುಂತೀರಿ, ಇದನ್ನ ಒಂದೀಟು ಹಿಡೀರಿ. ಸೊಸಿ ಸಂಘದ ಮೀಟಿಂಗಿಗೆ ಹೋಗ್ಯಾಳ." ಪೆನ್ನು ಹಿಡಿದಿದ್ದ ಕೈಗೆ ಒಂದು ಕಟ್ಟು ಕೆಂಪು ರೇಶ್ಮೆ ಎಳೆ ಕೊಟ್ಟಳು. ಇನ್ನೊಂದು ಕೈಗೂ ಕೊಟ್ಟಳು. "ಬಿಗಿ ಹಿಡೀರಿ. ಬಿಟ್ರ ಎಲ್ಲಾ ಸಿಕ್ಕಾಗಿ ಸೀರಿ ಕೆಡ್ತೈತಿ."

ಪೆನ್ನು ನೆಲಕ್ಕೆ ಬಿತ್ತು. ಅವರು ಬಿಗಿಯಾಗಿ ಹಿಡಿದರು. ಅಜ್ಜಿ ಜೋಡಿಸತೊಡಗಿದಳು.

ಹತ್ತು ನಿಮಿಷಕ್ಕೆ ಅವರ ಫೋನ್ ರಿಂಗಾಯಿತು, ಎತ್ತುವಂತಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕನ್ನಡಕ ಮೂಗಿನ ತುದಿಗೆ ಬಂತು. ಅರ್ಧ ತಾಸಿಗೆ ತೋಳು ನಡುಗತೊಡಗಿದವು.

"ಇನ್ನೂ ಎಷ್ಟು ಹೊತ್ತಮ್ಮಾ?"

"ಈಗ ಹಚ್ಚೀವಲ್ರಿ. ಅರ್ಧಾನೂ ಆಗಿಲ್ಲ."

"ದಿನವೂ ಇಷ್ಟು ಹೊತ್ತು ಮಾಡುತ್ತೀರಾ?"

"ಇದು ಮುಂಜಾನಿದ್ದು. ಮಧ್ಯಾಹ್ನದ್ದು ಬ್ಯಾರೆ ಐತಿ."

"ಹೋದ ವಾರ?"

"ಹ್ವಾದ ವಾರ ಏನ್ರಿ, ಲಗ್ನಾಗಿ ಈ ಮನಿಗೆ ಬಂದಾಗಿಂದ ಮಾಡಾಕತ್ತೇನಿ. ತೋಳು ಕೆಳಗ ಬಿಡಬ್ಯಾಡ್ರಿ."

"ಮತ್ತೆ ಕೆಲಸ ಇಲ್ಲ ಅಂದಿರಲ್ಲ?"

"ಕೆಲ್ಸ ಅಂದ್ರ ಮಗಂದು, ಮಗ್ಗದ್ದು. ನಾ ಸುಮ್ನ ಕುಂತು ಇದನ್ನ ಮಾಡ್ತೇನಿ."

ಒಂದು ತಾಸು ಇಪ್ಪತ್ತು ನಿಮಿಷಕ್ಕೆ ಕೊನೆಯ ಎಳೆ ಕೂಡಿತು. ಅಧಿಕಾರಿಯ ಬೆರಳುಗಳು ಬಿಚ್ಚಲಿಲ್ಲ, ಅಜ್ಜಿಯೇ ಒಂದೊಂದಾಗಿ ಬಿಚ್ಚಿದಳು. ಅವರು ಎರಡೂ ಕೈ ಕೂಡಿಸಿ ಪೆನ್ನು ಹಿಡಿದು ವಕ್ರ ಅಕ್ಷರಗಳಲ್ಲಿ ಬರೆದರು: 'ದುಡಿದಿದ್ದಾರೆ. ಏಳು ದಿನ. ದಿನಕ್ಕೆ ಆರು ತಾಸು.' ನಡುವೆ 'ಕನಿಷ್ಠ' ಎಂಬ ಪದವನ್ನೂ ಸೇರಿಸಿದರು. ಹೊಸ್ತಿಲಿಗೆ ಬಂದು, "ಇದು ಹೊಂದಿತು. ಮುಂದಿನ ವರ್ಷವೂ ನೀವೇ ಬನ್ನಿ," ಅಂದರು. ತಮ್ಮ ಸಹಿಗೆ ಮಾತ್ರ, ಬೆರಳು ಸರಿಯಾದ ಮೇಲೆ ಬರಲು ಹೇಳಿದರು.

ನಾವು ಚಪ್ಪಲಿ ಹಾಕಿಕೊಳ್ಳುವಾಗ ಅಜ್ಜಿ ಒಳಗಿನಿಂದ ಇಬ್ಬರನ್ನೂ ನೋಡುತ್ತಿದ್ದಳು. ಒಬ್ಬ ಕುಳಿತಿದ್ದವನು, ಒಬ್ಬ ಬಾಗಿಲಲ್ಲಿ ಸುಮ್ಮನೆ ನಿಂತಿದ್ದವನು.

"ಸಾಹೇಬ್ರ, ನಾಳಿ ಸೊಸಿ ತವರಿಗೆ ಹೊಂಟಾಳ," ಅಂದಳು. "ನಿಮಗ ಇಬ್ಬರಿಗೂ ಏನೂ ಕೆಲ್ಸ ಇದ್ದಂಗ ಕಾಣಂಗಿಲ್ಲ. ಹತ್ತು ಹೊಡೆಯೂದ್ರಾಗ ಬಂದುಬಿಡ್ರಿ."